ಭಾವನ ದಪ್ಪ ಪ್ಲೇಯರ್, ನನ್ನ ತೆಳ್ಳಗಿನ ಪ್ಲೇಯರ್

ನಮ್ಮ ಭಾವನ ಪ್ರಕಾರ ಸಿಡಿ ಪ್ಲೇಯರ್ ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗಬೇಕು. ಹಗುರ ಇದ್ದರೆ ಅದರ ಸೌಂಡೂ ಹಗುರ. 1992ರಲ್ಲಿ ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾಗ ರೂವಿಯ ಅಂಗಡಿಯೊಂದರಲ್ಲಿ ಕೊಂಡ ಪೋರ್ಟಬಲ್ ಪ್ಲೇಯರ್ ಅವರ ಹತ್ತಿರ ಇವತ್ತಿಗೂ ಇದೆ. ಮೈಯೆಲ್ಲ ಲೋಹ. ಚಪ್ಪಟೆ ಬ್ಯಾಟರಿ ಸತ್ತು ಎಷ್ಟೋ ಕಾಲವಾಯಿತು. ಹೊರಗಿನಿಂದ ಸಿಕ್ಕಿಸುವ ಡಬ್ಬಿಗೆ ಪೆನ್ಸಿಲ್ ಸೆಲ್ ಹಾಕಿ ಓಡಿಸುತ್ತಾರೆ. ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿವರೆಗೆ ಆಟ ಇಲ್ಲವಲ್ಲ, ಆ ಮಳೆಗಾಲ ಪೂರ್ತಿ ಈ ಪ್ಲೇಯರೇ ಅವರಿಗೆ ಮೇಳ.

ನನ್ನದು ಅದಕ್ಕಿಂತ ಸುಮಾರು ಹತ್ತು ವರ್ಷ ಚಿಕ್ಕದು. ತೆಳ್ಳಗೆ, ಪ್ಲಾಸ್ಟಿಕ್ ಮೈ, ಎರಡು ಪೆನ್ಸಿಲ್ ಸೆಲ್ ಹಾಕಿದರೆ ದಿನಗಟ್ಟಲೆ ಓಡುತ್ತದೆ. ಮುಚ್ಚಳದ ಮೇಲೆ ದೊಡ್ಡದಾಗಿ 40 ಸೆಕೆಂಡ್ ಆ್ಯಂಟಿ-ಶಾಕ್ ಎಂದು ಬರೆದಿದೆ, ಅಂದರೆ ಅಲುಗಾಡಿದರೂ ಹಾಡು ಹಾರದಂತೆ ಮುಂಚೆಯೇ ಮೆಮೊರಿಗೆ ತುಂಬಿಟ್ಟುಕೊಳ್ಳುವ ಏರ್ಪಾಡು. ಭಾವ ಅದನ್ನು ನೋಡಿದಾಗಲೆಲ್ಲ "ಇದು ಆಟದ ಸಾಮಾನು ಮಾರಾಯ" ಅನ್ನುತ್ತಾರೆ. ಕಳೆದ ಆಷಾಢದಲ್ಲಿ ಪುತ್ತೂರಿಗೆ ಅಕ್ಕನ ಮನೆಗೆ ಹೋದಾಗ ಮತ್ತೆ ಅದೇ ಮಾತು ಬಂತು. ಅಕ್ಕನ ಮಗನೂ ರಜೆಯಲ್ಲಿ ಮನೆಯಲ್ಲಿದ್ದ. ಅವನ ಬಳಿ ಹೊಚ್ಚ ಹೊಸ ಚೀನಾ ಪ್ಲೇಯರ್. ಫಿಯೋ, ಮೂನ್‌ಡ್ರಾಪ್‌ನಂಥ ಕಂಪನಿಗಳು 2024ರಲ್ಲಿ ಮತ್ತೆ ಪೋರ್ಟಬಲ್ ಸಿಡಿ ಪ್ಲೇಯರ್ ತಂದವಲ್ಲ, ಆ ಪೈಕಿಯದು. "ಬಾಯಲ್ಲಿ ಯಾಕೆ ಜಗಳ ಮಾವ, ಮೂರನ್ನೂ ಪಕ್ಕಪಕ್ಕ ಇಟ್ಟು ಕೇಳಿಯೇ ಬಿಡೋಣ" ಅಂದ. ಹೊರಗೆ ಮಳೆ, ತೋಟಕ್ಕೆ ಹೋಗುವ ಹಾಗಿಲ್ಲ. ಕೂತೆವು.

ಪರೀಕ್ಷೆಗೆ ಭಾವ ಆರಿಸಿದ್ದು ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಹಿಮ್ಮೇಳದ ಒಂದು ಸಿಡಿ. ಆಯ್ಕೆ ನಿಜಕ್ಕೂ ಚೆನ್ನಾಗಿತ್ತು. ಚೆಂಡೆಯ ಏಟು ಒಮ್ಮೆಲೇ ಎದ್ದು ಬೀಳುತ್ತದೆ. ಮದ್ದಳೆಯ ಎಡಗಡೆಯಲ್ಲಿ ಗುಂಯ್ ಅನ್ನುವ ತಗ್ಗು ದನಿ ಇದೆ. ಚಕ್ರತಾಳದ ಕಿಣಿಕಿಣಿ ಮೇಲಿನ ತುದಿಯಲ್ಲಿ. ಇವೆಲ್ಲದರ ಹಿಂದೆ ಹಾರ್ಮೋನಿಯಂ ಶ್ರುತಿ ಒಂದೇ ಸಮ ನಿಂತಿರುತ್ತದೆ. ಪ್ಲೇಯರ್ ಎಲ್ಲಿ ಎಡವಿದರೂ ಇವುಗಳಲ್ಲಿ ಒಂದು ಕಡೆ ಗೊತ್ತಾಗಲೇಬೇಕು.

ಮೊದಲ ಸುತ್ತು ಸುಮ್ನೆ ಕೇಳಿದ್ದು. ಅಳಿಯನ ಕಿವಿಯೊಳಗೆ ಇಡುವ ಇಯರ್‌ಫೋನ್ ಹಾಕಿಕೊಂಡು ಒಂದರ ನಂತರ ಒಂದು. ದಪ್ಪ ಪ್ಲೇಯರ್‌ನಲ್ಲಿ ಮದ್ದಳೆ ತುಂಬಿಕೊಂಡು ಬಂತು, ನನ್ನದರಲ್ಲಿ ಅದೇ ಮದ್ದಳೆ ಸೊರಗಿತ್ತು. ಹೊಸದು ಎಲ್ಲಕ್ಕಿಂತ ಜೋರು, ಸ್ವಚ್ಛ. ಭಾವನ ಮುಖದಲ್ಲಿ ನಗು. "ನೋಡಿದೆಯಾ? ಆಗಿನ ಕಾಲದವರು ಮೋಸ ಮಾಡ್ತಿರಲಿಲ್ಲ" ಅಂದರು.

ಆದರೆ ಇಲ್ಲಿ ಒಂದು ವಿಷಯ ಇದೆ. ಒಂದೇ ಹಾಡನ್ನು ಎರಡು ಕಡೆ ಕೇಳಿಸಿ, ಒಂದನ್ನು ಕೂದಲೆಳೆಯಷ್ಟು ಜೋರು ಮಾಡಿದರೆ, ಜೋರು ಅಂತ ಯಾರೂ ಹೇಳುವುದಿಲ್ಲ. ಚೆನ್ನಾಗಿದೆ ಅಂತ ಹೇಳುತ್ತಾರೆ. ಒಂದು ಡೆಸಿಬೆಲ್ ಸಾಕು. ಅಂದರೆ ಇಯರ್‌ಫೋನ್‌ಗೆ 100 ಮಿಲಿವೋಲ್ಟ್ ಹೋಗುವ ಕಡೆ 112 ಹೋದರೆ ಆಯಿತು. ವಾಲ್ಯೂಮ್ ಚಕ್ರದ ಮೇಲಿನ ಅಂಕೆ ನೋಡಿ ಸಮ ಮಾಡುತ್ತೇವೆ ಅಂದರೆ ಆಗದ ಮಾತು. ಒಂದೊಂದು ಕಂಪನಿಯ ಐದು ಒಂದೊಂದು ಥರ.

ಹಾಗಾಗಿ ಮೀಟರ್ ತೆಗೆದೆ. ಈ ಕೆಲಸಕ್ಕೆ ಎಲ್ಲ ಮೀಟರೂ ಆಗುವುದಿಲ್ಲ. ಎಲ್ಲರ ಮನೆಯಲ್ಲೂ ಇರುವ ಅಗ್ಗದ ಹಳದಿ ಮಲ್ಟಿಮೀಟರ್‌ನಲ್ಲಿ ಎಸಿ ಅಳತೆ ಶುರುವಾಗುವುದೇ 200 ವೋಲ್ಟ್ ರೇಂಜ್‌ನಿಂದ. ಮಿಲಿವೋಲ್ಟ್ ಅದರ ಕಣ್ಣಿಗೇ ಬೀಳುವುದಿಲ್ಲ. ಸ್ವಲ್ಪ ಒಳ್ಳೆಯದೇ ಬೇಕು. ಇನ್ನೊಂದು, ಎಲ್ಲರೂ 1000 ಹರ್ಟ್ಜ್ ಸ್ವರ ಹಾಕಿ ಅಳೆಯುತ್ತಾರೆ. ಸಾಧಾರಣ ಮೀಟರ್‌ಗಳ ಎಸಿ ಅಳತೆ ನಂಬಿಕೆಗೆ ಅರ್ಹವಾಗಿರುವುದು 400 ಹರ್ಟ್ಜ್‌ವರೆಗೆ ಮಾತ್ರ. ಅದಕ್ಕೆ ಅಳಿಯನಿಗೆ 400 ಹರ್ಟ್ಜ್‌ನ ಒಂದು ಸ್ವರ, 40 ಹರ್ಟ್ಜ್‌ನ ಒಂದು ತಗ್ಗು ಸ್ವರ, ಜೊತೆಗೆ ಆ ಹಿಮ್ಮೇಳದ ತುಣುಕು, ಇಷ್ಟನ್ನೂ ಖಾಲಿ ಡಿಸ್ಕ್‌ಗೆ ಬರೆಯಲು ಹೇಳಿದೆ. ಅವನು ಕೈಗೆ ಸಿಕ್ಕಿದ ಸಿಡಿ-ಆರ್‌ಡಬ್ಲ್ಯೂಗೆ ಬರೆದ. ಭಾವನ ಪ್ಲೇಯರ್ ಅದನ್ನು ಒಮ್ಮೆ ತಿರುಗಿಸಿ ನೋಡಿ ಸುಮ್ಮನಾಯಿತು. ಅಳಿಸಿ ಬರೆಯುವ ಆ ಡಿಸ್ಕ್ ಲೇಸರ್ ಬೆಳಕನ್ನು ಮಾಮೂಲಿ ಸಿಡಿಯ ಮೂರನೇ ಒಂದರಷ್ಟೂ ಹಿಂದಕ್ಕೆ ಕಳಿಸುವುದಿಲ್ಲ. 1992ರ ಪ್ಲೇಯರ್‌ಗೆ ಇಂಥದ್ದೊಂದು ಬರುತ್ತದೆ ಅಂತ ಗೊತ್ತೇ ಇರಲಿಲ್ಲವಲ್ಲ. ಸಿಡಿ-ಆರ್‌ಗೆ ಬರೆದು ಕೊಟ್ಟಾಗ ತಕರಾರಿಲ್ಲದೆ ಓದಿತು.

ಈಗ ನೋಡಿ ಮಜಾ. ಇಯರ್‌ಫೋನ್ ಸಿಕ್ಕಿಸಿದ ಹಾಗೇ ಇಟ್ಟು, ಒಂದಕ್ಕೆ ಎರಡು ಮಾಡುವ ಪಿನ್ನಿನ ಇನ್ನೊಂದು ಕವಲಿನಲ್ಲಿ ಮೀಟರ್ ಹಿಡಿದೆ. ಇಯರ್‌ಫೋನ್ ತೆಗೆದು ಅಳೆದರೆ ಎಲ್ಲ ಪ್ಲೇಯರೂ ಒಳ್ಳೆಯವೇ. ಹೊರೆ ಹೊತ್ತಾಗಲೇ ನಿಜ ಗೊತ್ತಾಗುವುದು. 400 ಹರ್ಟ್ಜ್‌ನಲ್ಲಿ ಮೂರನ್ನೂ 100 ಮಿಲಿವೋಲ್ಟ್‌ಗೆ ಸರಿ ಮಾಡಿದೆವು. ಆಮೇಲೆ 40 ಹರ್ಟ್ಜ್‌ನ ಸ್ವರ. ಹೊಸ ಪ್ಲೇಯರ್‌ನಲ್ಲಿ ಅಂಕಿ ಅಲ್ಲಾಡಲಿಲ್ಲ. ಭಾವನದ್ದು 88ಕ್ಕೆ ನಿಂತಿತು. ನನ್ನದು ಇಳಿಯುತ್ತಾ ಇಳಿಯುತ್ತಾ 40ರ ಕೆಳಗೆ ಹೋಯಿತು. ಮದ್ದಳೆ ಸೊರಗಿದ್ದು ಯಾಕೆ ಅಂತ ಕೇಳುವ ಅಗತ್ಯವೇ ಉಳಿಯಲಿಲ್ಲ.

"ಬಿಟ್‌ಗಳು ಎಲ್ಲದರಲ್ಲೂ ಒಂದೇ ಅಲ್ವಾ ಮಾವ? ಮತ್ತೆ ಹೇಗೆ?" ಅಂತ ಅಳಿಯ ಕೇಳಿದ. ಬಿಟ್‌ಗಳು ಒಂದೇ. ಸೆಕೆಂಡಿಗೆ 44,100 ಸಲ, ಎರಡು ಕಡೆಗೂ 16 ಬಿಟ್, ಇದರಲ್ಲಿ ದಪ್ಪ ತೆಳು ಅಂತ ಇಲ್ಲ. ಡಿಸ್ಕ್ ಮೇಲೆ ಸಣ್ಣಪುಟ್ಟ ಗೀರು ಇದ್ದರೂ ತಿದ್ದಿಕೊಳ್ಳುವ ಲೆಕ್ಕ ಎಲ್ಲ ಪ್ಲೇಯರ್‌ನಲ್ಲೂ ಇದೆ. ತೊಂದರೆ ಇರುವುದು ಕೊನೆಯ ಅರ್ಧ ಇಂಚಿನಲ್ಲಿ. ಇಯರ್‌ಫೋನ್ ತೂತಿನ ಹಿಂದೆ ಎರಡು ಪುಟ್ಟ ಕೆಪಾಸಿಟರ್‌ಗಳು ಇರುತ್ತವೆ. ಬ್ಯಾಟರಿಯ ಡಿಸಿ ಕರೆಂಟ್ ಇಯರ್‌ಫೋನ್‌ಗೆ ನುಗ್ಗದಂತೆ ತಡೆಯುವುದು ಅವುಗಳ ಕೆಲಸ. ಆದರೆ ಕೆಪಾಸಿಟರ್ ಚಿಕ್ಕದಾದಷ್ಟೂ ತಗ್ಗು ಸ್ವರಗಳನ್ನೂ ಅದು ತಡೆಯುತ್ತದೆ. 100 ಮೈಕ್ರೋಫ್ಯಾರಡ್‌ನದ್ದು ಹಾಕಿ, 16 ಓಮ್‌ನ ಇಯರ್‌ಫೋನ್ ಜೋಡಿಸಿದರೆ 100 ಹರ್ಟ್ಜ್ ಹತ್ತಿರದಿಂದಲೇ ದನಿ ಬೀಳಲು ಶುರು. 32 ಓಮ್‌ನ ಹೆಡ್‌ಫೋನ್ ಆದರೆ 50ರ ಹತ್ತಿರದಿಂದ. ಪ್ಲೇಯರ್ ತೆಳ್ಳಗಾದ ಹಾಗೆ ಒಳಗೆ ಜಾಗ ಕಡಿಮೆ, ಕೆಪಾಸಿಟರ್ ಚಿಕ್ಕದು, ಬೇಸ್ ಮಾಯ. ಆಮೇಲೆ ಆ ಕೊರತೆ ಮುಚ್ಚಲು ಬೇಸ್ ಬೂಸ್ಟ್ ಗುಂಡಿ! ನಾವೆಲ್ಲ ಕಾಲೇಜಿನಲ್ಲಿ ಅದನ್ನು ಒತ್ತಿಯೇ ಇಟ್ಟಿರುತ್ತಿದ್ದೆವು. ಹೊಸ ಪ್ಲೇಯರ್‌ಗಳ ಚಿಪ್ ತನಗೆ ಬೇಕಾದ ಮೈನಸ್ ವೋಲ್ಟೇಜನ್ನು ತಾನೇ ಮಾಡಿಕೊಳ್ಳುತ್ತದೆ. ಹಾಗಾಗಿ ಅವಕ್ಕೆ ಈ ಕೆಪಾಸಿಟರೇ ಬೇಡ.

ಅಂದರೆ ಭಾವ ಹೇಳಿದ್ದರಲ್ಲಿ ಅರ್ಧ ಸರಿ. ದಪ್ಪ ಇದ್ದರೆ ದೊಡ್ಡ ಕೆಪಾಸಿಟರ್‌ಗೆ ಜಾಗ ಇರುತ್ತದೆ. ನಾನು ಅಷ್ಟು ಒಪ್ಪಿಕೊಂಡೆ. ಅವರು ಪೂರ್ತಿ ಗೆದ್ದ ಹಾಗೆ ಎದ್ದು ಚಹಾಕ್ಕೆ ಹೇಳಲು ಹೋದರು.

ಅಳಿಯ ಇನ್ನೊಂದು ಉಪಾಯ ತೆಗೆದ. ನಮ್ಮಿಬ್ಬರ ಪ್ಲೇಯರ್‌ನಲ್ಲೂ ಲೈನ್-ಔಟ್ ತೂತು ಇದೆ. ಅದು ಇಯರ್‌ಫೋನ್ ಆಂಪ್ಲಿಫೈಯರ್ ದಾಟದೆ ಹೊರಗೆ ಬರುವ ದಾರಿ. ಅಲ್ಲಿಂದ ತಂತಿ ಎಳೆದು ಅವನ ಬ್ಯಾಟರಿ ಆಂಪ್ಲಿಫೈಯರ್‌ಗೆ ಕೊಟ್ಟರೆ, ಕೇಳುವುದು ಎರಡು ಪ್ಲೇಯರ್‌ಗಳ ಡಿಸ್ಕ್ ಓದುವ ಕಡೆಯನ್ನು ಮಾತ್ರ. ಮತ್ತೆ 400 ಹರ್ಟ್ಜ್ ಹಾಕಿ ಸಮ ಮಾಡಿ, ಆಂಪ್ಲಿಫೈಯರ್ ಚಕ್ರದ ಮೇಲೆ ಸ್ಕೆಚ್ ಪೆನ್ನಲ್ಲಿ ಎರಡು ಗುರುತು ಹಾಕಿದೆವು. ಆಗ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಹೋದರೆ ರಾತ್ರಿಯವರೆಗೆ ಬರುವುದಿಲ್ಲ ಅಂತ ಅಕ್ಕ ಮೇಣದ ಬತ್ತಿ ತಂದಿಟ್ಟಳು. ನಮಗೆ ಒಳ್ಳೆಯದೇ ಆಯಿತು. ಎಲ್ಲವೂ ಬ್ಯಾಟರಿಯದ್ದು. ಫ್ಯಾನ್ ಇಲ್ಲ, ಫ್ರಿಜ್ಜಿನ ಗುರ್ ಇಲ್ಲ. ಮಳೆಯೂ ಸ್ವಲ್ಪ ಹೊತ್ತಿಗೆ ನಿಂತಿತು.

ಅಳಿಯ ಪ್ಲೇಯರ್ ಬದಲಿಸುವುದು, ಭಾವ ಕಣ್ಣು ಮುಚ್ಚಿ ಯಾವುದು ಅಂತ ಹೇಳುವುದು. ಶುರುವಿನಲ್ಲಿ ಭಾವ ಒಂದೂ ತಪ್ಪದೆ ಹೇಳಿದರು! ನನಗೆ ಆಶ್ಚರ್ಯ. ಆಮೇಲೆ ನೋಡಿದರೆ ಅವರು ಹಾಡು ಕೇಳುತ್ತಿರಲೇ ಇಲ್ಲ. ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿಕೊಂಡು ಡಿಸ್ಕ್ ತಿರುಗುವ ಸದ್ದು ಕೇಳುತ್ತಿದ್ದರು. ಅವರದ್ದು ಒಂದೇ ಹದದಲ್ಲಿ ತಿರುಗುತ್ತದೆ. ನನ್ನದು ಆ್ಯಂಟಿ-ಶಾಕ್ ಹಾಕಿದಾಗ ಜೋರಾಗಿ ತಿರುಗಿ ಮೆಮೊರಿ ತುಂಬಿಸಿ, ನಿಂತು, ಮತ್ತೆ ತಿರುಗುತ್ತದೆ. "ಮೂವತ್ತು ವರ್ಷ ಜೊತೆಗಿದ್ದೇನೆ, ಅದರ ಉಸಿರು ಗೊತ್ತಾಗಲ್ವಾ?" ಅಂದರು. ಅಳಿಯ ಎರಡನ್ನೂ ಪಕ್ಕದ ಕೋಣೆಗೆ ಹೊತ್ತೊಯ್ದು ಬಾಗಿಲ ಸಂದಿಯಿಂದ ತಂತಿ ಬಿಟ್ಟ.

ಅಲ್ಲಿಂದ ಭಾವನ ಲೆಕ್ಕ ತಪ್ಪತೊಡಗಿತು. ನಾನು ಕೂತಾಗ ನನ್ನದೂ ಅದೇ ಗತಿ. ಆ್ಯಂಟಿ-ಶಾಕ್ ಆಫ್ ಮಾಡಿ ಲೈನ್-ಔಟ್‌ನಲ್ಲಿ ಕೇಳಿದರೆ ಮಸ್ಕತ್ತಿನ ಲೋಹದ್ದಕ್ಕೂ ನನ್ನ ಪ್ಲಾಸ್ಟಿಕ್ಕಿಗೂ ವ್ಯತ್ಯಾಸ ಹೇಳಲು ನಮಗೆ ಬರಲಿಲ್ಲ. ಮದ್ದಳೆ ಎರಡರಲ್ಲೂ ತುಂಬಿಕೊಂಡೇ ಇತ್ತು. ಒಂದರಲ್ಲಿ ಅಸಲಿ ಸಿಡಿ, ಇನ್ನೊಂದರಲ್ಲಿ ಕಾಪಿ ಇದೆ, ಅದರಿಂದ ಮೋಸವಾಗಿರಬಹುದು ಅಂದರು ಭಾವ. ಡಿಸ್ಕ್ ಅದಲುಬದಲು ಮಾಡಿದೆವು. ಆಗಲೂ ಅಷ್ಟೇ.

ಆ್ಯಂಟಿ-ಶಾಕ್ ಆನ್ ಮಾಡಿದಾಗ ಮಾತ್ರ ಕಥೆ ಬೇರೆ. ಚಕ್ರತಾಳದ ಸದ್ದು ಆರುವ ಹೊತ್ತಿಗೆ ಅದರ ಹಿಂದೆ ಸಣ್ಣ ಮರಳು ಉದುರಿದಂಥ ಒರಟು ಸೇರಿಕೊಳ್ಳುತ್ತಿತ್ತು. ಚೆಂಡೆ ಜೋರಾಗಿದ್ದಾಗ ಗೊತ್ತಾಗದು. ಭಾಗವತರು ನಿಲ್ಲಿಸಿ ತಾಳ ಒಂದೇ ಉಳಿದಾಗ ಚೆನ್ನಾಗಿ ಗೊತ್ತಾಗುತ್ತದೆ. ಇದನ್ನು ಮೊದಲು ಹಿಡಿದವರು ಭಾವನೇ, ಆ ಕಿವಿಗೆ ಕೈ ಮುಗಿಯಬೇಕು. ಕಾರಣ ಸರಳ. ಸಿಡಿಯಿಂದ ಸೆಕೆಂಡಿಗೆ 14 ಲಕ್ಷ ಬಿಟ್ ಬರುತ್ತದೆ. ಆ ಕಾಲದ 16 ಮೆಗಾಬಿಟ್ ಮೆಮೊರಿಯಲ್ಲಿ ಅದನ್ನು ಹಾಗೇ ತುಂಬಿದರೆ 12 ಸೆಕೆಂಡ್ ಕೂಡ ಸಾಲದು. ಅದರಲ್ಲೇ 40 ಸೆಕೆಂಡ್ ಹಿಡಿಸಬೇಕು ಅಂದರೆ ನಾಲ್ಕರಲ್ಲಿ ಒಂದು ಪಾಲಿಗೆ ಹಿಂಡಲೇಬೇಕು. ಬಸ್ಸಿನಲ್ಲಿ ಕೂತು ಕೇಳುವವನಿಗೆ ಹಾಡು ಹಾರದಿರುವುದೇ ದೊಡ್ಡದು, ಅವನಿಗೆ ಈ ಒರಟು ಎಲ್ಲಿ ಕೇಳೀತು? ಮನೆಯಲ್ಲಿ ಮೇಜಿನ ಮೇಲೆ ಇಟ್ಟು ಕೇಳುವಾಗ ಆ ಗುಂಡಿ ಆಫ್ ಇರಲಿ. ಕೆಲವು ಪ್ಲೇಯರ್‌ಗಳಲ್ಲಿ ಆಫ್ ಮಾಡುವ ದಾರಿಯೇ ಇಲ್ಲ. ಹಳೆಯದು ಕೊಳ್ಳುವವರು ಮೊದಲು ಅದನ್ನು ನೋಡಿಕೊಳ್ಳಿ ಅನ್ನುತ್ತೇನೆ.

ಸೋನಿಯ ಮೊದಲ ಪೋರ್ಟಬಲ್ ಡಿ-50 ಬಂದದ್ದು 1984ರಲ್ಲಿ, ಸಿಡಿ ಜಪಾನಿನ ಅಂಗಡಿಗೆ ಬಂದು ಎರಡೇ ವರ್ಷಕ್ಕೆ. ನಾಲ್ಕು ಸಿಡಿ ಡಬ್ಬಿ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಬ್ಯಾಟರಿ ಹಾಕಲು ಬೇರೆಯೇ ಕೇಸ್ ಬೇಕಿತ್ತು. ಅಲ್ಲಿಂದ ಮುಂದೆ ಎಲ್ಲ ಕಂಪನಿಗಳೂ ಓಡಿದ್ದು ತೆಳ್ಳಗೆ ಮಾಡಲಿಕ್ಕೆ, ಬ್ಯಾಟರಿ ಉಳಿಸಲಿಕ್ಕೆ, ಹಾಡು ಹಾರದಂತೆ ನೋಡಿಕೊಳ್ಳಲಿಕ್ಕೆ. ಮೂರೂ ಜನರಿಗೆ ಬೇಕಾದದ್ದೇ. ಆ ಓಟದಲ್ಲಿ ಪೆಟ್ಟು ತಿಂದದ್ದು ಇಯರ್‌ಫೋನ್ ತೂತು.

ಹೊಸ ಪ್ಲೇಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಯರ್‌ಫೋನ್‌ನಲ್ಲಿ ನೇರ ಕೇಳುವುದಾದರೆ ಅದೇ ಮೇಲು, ಮಾತೇ ಇಲ್ಲ. ಹಾಡು ನಿಂತಾಗ ಭಾವನದ್ದರಲ್ಲಿ ಬರುವ ಸಣ್ಣ ಸ್ ಸದ್ದೂ ಅದರಲ್ಲಿ ಇಲ್ಲ. ಆ ಸದ್ದು ಕೂಡ ಅಳಿಯನ ಸೂಕ್ಷ್ಮ ಇಯರ್‌ಫೋನ್‌ನಲ್ಲಿ ಮಾತ್ರ ಕೇಳುವುದು. ಭಾವನ ಹಳೇ ದೊಡ್ಡ ಹೆಡ್‌ಫೋನ್ ಹಾಕಿದರೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಭಾವ ಹೊಸದನ್ನು ಕಿವಿಗೆ ಹಾಕಿಕೊಂಡು ಚೆನ್ನಾಗಿದೆ ಅಂದರು, ರೇಟು ಕೇಳಿ ಹಿಂದೆ ಕೊಟ್ಟರು.

ಬೆಂಗಳೂರಿಗೆ ವಾಪಸು ಬಂದ ಮೇಲೆ ನನ್ನ ಪ್ಲೇಯರ್ ಬಿಚ್ಚಿದೆ. ಇಯರ್‌ಫೋನ್ ತೂತಿನ ಪಕ್ಕದಲ್ಲೇ ಎರಡು ಕೆಪಾಸಿಟರ್, ಮೇಲೆ 100 ಮತ್ತು 4ವಿ ಎಂದು ಬರೆದಿತ್ತು. ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಇವು ಚಿಲ್ಲರೆ ಕಾಸಿಗೆ ಸಿಗುತ್ತವೆ. 470 ಹಾಕುವ ಆಸೆಯಿತ್ತು, ಆದರೆ ಮುಚ್ಚಳ ಕೂರುವುದಿಲ್ಲ. 220ರದ್ದನ್ನು ಅಡ್ಡ ಮಲಗಿಸಿ ಬೆಸುಗೆ ಹಾಕಿದೆ. ಈಗ 40 ಹರ್ಟ್ಜ್‌ಗೆ ಮೀಟರ್ 65ರ ಆಸುಪಾಸು ತೋರಿಸುತ್ತದೆ. ಬೇಸ್ ಬೂಸ್ಟ್ ಗುಂಡಿಯ ಹಂಗಿಲ್ಲದೆ ಮದ್ದಳೆ ಕೇಳುತ್ತದೆ.

ಫೋನಿನಲ್ಲಿ ಭಾವನಿಗೆ ಇದನ್ನೆಲ್ಲ ಹೇಳಿದೆ. ನಿಮ್ಮದರಲ್ಲೂ ಆ ಕೆಪಾಸಿಟರ್‌ಗಳಿಗೆ ಮೂವತ್ತು ವರ್ಷ ದಾಟಿದೆ, ಒಳಗಿನ ದ್ರವ ಒಸರಿ ಬೋರ್ಡ್ ತಿನ್ನುವ ಮೊದಲು ಬದಲಿಸಬೇಕು, ಮುಂದಿನ ಸಲ ಬರುವಾಗ ಬೆಸುಗೆ ಸಾಮಾನು ತರುತ್ತೇನೆ ಅಂದೆ.

"ನೀನು ಬಾ, ಊಟ ಮಾಡಿ ಹೋಗು" ಅಂದರು. "ಬೆಸುಗೆ ಸಾಮಾನು ಅಲ್ಲೇ ಇರಲಿ."