ಘಾತಾಂಕ ಕಲಿಸಿದ ನಮ್ಮ ಸರ್

ಸೇಡಂನಲ್ಲಿ ನಾನು ಓದಿದ ಶಾಲೆಯಲ್ಲಿ ಘಾತಾಂಕದ (ಒಂದು ಸಂಖ್ಯೆಯನ್ನು ಎಷ್ಟು ಸಲ ಬರೆದು ಗುಣಿಸಬೇಕು ಎಂದು ಹೇಳುವ, ಅದರ ತಲೆಯ ಮೇಲಿನ ಪುಟ್ಟ ಅಂಕಿ) ಪಾಠ ಶುರುವಾದಾಗ ನಮ್ಮ ಗಣಿತದ ಸರ್ ಬೋರ್ಡ್ ಮೇಲೆ ನಿಯಮಗಳನ್ನು ಬರೆಯಲೇ ಇಲ್ಲ. 2³ × 2⁴ ಎಂದು ಬರೆದು, "ಬಿಡಿಸಿ ಬರೀರಿ, ಆಮ್ಯಾಲ ಎಣಸ್ರಿ" ಎಂದರು. ಮೂರು ಎರಡುಗಳು, ಪಕ್ಕದಲ್ಲಿ ನಾಲ್ಕು ಎರಡುಗಳು. ಒಟ್ಟು ಏಳು, ಅಂದರೆ 2⁷. ಗುಣಿಸುವಾಗ ಘಾತಾಂಕಗಳನ್ನು ಯಾಕೆ ಕೂಡಿಸುತ್ತೇವೆ ಅನ್ನೋದು ಅಲ್ಲೇ ಕಣ್ಣಿಗೆ ಬಿತ್ತು. 5⁶ ÷ 5² ಬಂದಾಗ ಮೇಲೊಂದು ಕೆಳಗೊಂದು ಐದನ್ನು ಹೊಡೆದು ಹಾಕಿದೆವು. ಉಳಿದದ್ದು 5⁴. (3²)⁴ ಎಂದರೆ ಎರಡೆರಡು ಮೂರುಗಳ ನಾಲ್ಕು ಗುಂಪು, ಹಾಗಾಗಿ 3⁸. ಆದರೆ 2³ × 3² ಬಂದರೆ ಕೂಡಿಸೋ ಹಾಗಿಲ್ಲ. ಕೆಳಗಿನ ಆಧಾರ ಸಂಖ್ಯೆಗಳೇ ಬೇರೆ, ಒಂದು ಎರಡು, ಇನ್ನೊಂದು ಮೂರು. 8 × 9 = 72, ಅಷ್ಟೇ.

ಜಾಸ್ತಿ ಗದ್ದಲ ಎದ್ದದ್ದು 2⁰ ಬಂದಾಗ. ಎರಡನ್ನು ಒಂದು ಸಲವೂ ಬರೆಯದಿದ್ದರೆ ಸೊನ್ನೆ ತಾನೇ ಬರಬೇಕು ಅಂತ ಅರ್ಧ ಕ್ಲಾಸು ವಾದ ಮಾಡಿತು. ಸರ್ ತಡೆಯಲಿಲ್ಲ. 2⁴, 2³, 2², 2¹ ಎಂದು ಒಂದರ ಕೆಳಗೊಂದು ಬರೆದು, ಎದುರಿಗೆ 16, 8, 4, 2 ಇಟ್ಟರು. ಘಾತಾಂಕ ಒಂದು ಇಳಿದಾಗಲೆಲ್ಲ ಬೆಲೆ ಅರ್ಧವಾಗುತ್ತದೆ. ಮುಂದಿನದು 1 ಅಲ್ವಾ? ಇನ್ನೂ ಇಳಿದರೆ 2⁻¹ ಎಂದರೆ ½, 2⁻² ಎಂದರೆ ¼. ಘಾತಾಂಕ ಋಣವಾದರೆ ಉತ್ತರವೂ ಋಣ ಅನ್ನೋ ಅನುಮಾನ ಅದೇ ಸಾಲಿನಲ್ಲಿ ಬಗೆಹರಿಯಿತು.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಹಂಗಾದ್ರ ಸೊನ್ನಿಗಿ ಸೊನ್ನಿ ಘಾತ ಹಾಕಿದ್ರ ಏನ್ ಬರ್ತದ್ರಿ ಸರ್?" ಎಂದಳು. ಸರ್‌ಗೆ ಎಷ್ಟು ಖುಷಿಯಾಯಿತು! 2⁰ ಅನ್ನು 2³ ÷ 2³ ಎಂದು ಬರೆಯಬಹುದು. ಎರಡರ ಜಾಗದಲ್ಲಿ ಸೊನ್ನೆ ಇಟ್ಟರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಅದು ಆಗದು. ಅದಕ್ಕೇ ಸೊನ್ನೆ ಘಾತ ಹಾಕಿದರೆ 1 ಅನ್ನೋ ನಿಯಮದಲ್ಲಿ ಆಧಾರ ಸೊನ್ನೆ ಆಗಿರಬಾರದು ಎಂದು ತೋರಿಸಿದರು.

(−3)² ಎಂದರೆ 9, ಆದರೆ −3² ಎಂದರೆ −9. ಆವರಣ ಬಿಟ್ಟರೆ ವರ್ಗ ಮೂರಕ್ಕೆ ಮಾತ್ರ. ಇದನ್ನು ಹೇಳುವಾಗ ಸರ್ ಮಳಖೇಡದ ಮಾತು ತೆಗೆದರು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ಅಲ್ಲಿಂದ ಆಳುತ್ತಿದ್ದ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರ ಸಂಗ್ರಹ ಬರೆದರು. ಧನದ ವರ್ಗವೂ ಋಣದ ವರ್ಗವೂ ಧನವೇ, ಹಾಗಾಗಿ ಋಣಕ್ಕೆ ವರ್ಗಮೂಲ ಇಲ್ಲ ಎಂದು ಅವರು ಆಗಲೇ ಹೇಳಿದ್ದರು. ಕಲಬುರಗಿ ಬಸ್ಸು ಸುಮ್ನೆ ದಾಟಿ ಹೋಗುವ ನಮ್ಮ ಪಕ್ಕದ ಊರು ಅದು. ನನಗೆ ಗಣಿತ ನಮ್ಮದೇ ಅನ್ನಿಸಿದ್ದು ಅವತ್ತು.

ಈಗ ನಾನು ಯಾದಗಿರಿಯಲ್ಲಿ ಗಣಿತ ಕಲಿಸುತ್ತೇನೆ. (2 + 3)² ಅನ್ನು 2² + 3² ಎಂದು ಬರೆಯುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ನಾನು ಬೈಯುವುದಿಲ್ಲ. ಬಿಡಿಸಿ ಬರೆಯಿರಿ ಎನ್ನುತ್ತೇನೆ. ಒಂದು ಕಡೆ 25, ಇನ್ನೊಂದು ಕಡೆ 13. ಯಾವುದು ಸರಿ, ಯಾಕೆ ಎಂದು ಅವರೇ ಜಗಳಕ್ಕೆ ಇಳಿಯುತ್ತಾರೆ.