ಫಿಲಿಪೀನ್ಸ್ ಸಂಗಾತಿಯ ಜೊತೆ ಮದುವೆ: ನಮ್ಮ ಕಲಬುರಗಿ ಕಡೆಯವರು ಕಾಗದ ಹೊಂದಿಸುವ ಬಗೆ

ಕೊಲ್ಲಿ ದೇಶಗಳಲ್ಲಿ ದುಡಿಯುವ ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಫಿಲಿಪೀನ್ಸ್‌ನವರನ್ನು ಮದುವೆಯಾಗಲು ಹೊರಟಾಗ ಮೊದಲು ಕೇಳುವ ಮಾತು, "ಎಷ್ಟು ಕಾಗದ ಬೇಕಾಗ್ತಾವ?" ಕಾಗದ ಬಹಳ ಇಲ್ಲ. ಇಬ್ಬರದೂ ಸೇರಿ ಒಂದು ತೆಳು ಫೈಲು. ಕೆಲಸ ಕೆಡುವುದು ಎರಡೇ ಕಡೆ. ಒಂದು ಕಾಗದದಲ್ಲಿರುವ ಹೆಸರು ಇನ್ನೊಂದಕ್ಕೆ ಕೂಡುವುದಿಲ್ಲ. ಇಲ್ಲವೆ ಕೊನೆಯ ಕಾಗದ ಕೈಸೇರುವಷ್ಟರಲ್ಲಿ ಮೊದಲು ಮಾಡಿಸಿದ್ದರ ಅವಧಿ ಮುಗಿದಿರುತ್ತದೆ.

ಹೆಸರಿನಿಂದಲೇ ಶುರು ಮಾಡೋಣ. ನಮ್ಮ ಭಾಗದ ಹಳೆಯ ದಾಖಲೆಗಳಲ್ಲಿ "ಶರಣಪ್ಪ ತಂದೆ ಮಲ್ಲಪ್ಪ" ಎಂದು ಬರೆಯುವ ರೂಢಿ. ಅಡ್ಡಹೆಸರು ಒಂದರಲ್ಲಿದ್ದರೆ ಇನ್ನೊಂದರಲ್ಲಿಲ್ಲ. ಶಾಲೆಯ ಟಿಸಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು ಬಿಡಿಸಿ ಬರೆದದ್ದು, ಪಾಸ್‌ಪೋರ್ಟಿನಲ್ಲಿ ಇಡೀ ಹೆಸರು ಗಿವನ್ ನೇಮ್ ಕಾಲಮ್ಮಿನಲ್ಲಿ, ಸರ್‌ನೇಮ್ ಜಾಗ ಖಾಲಿ. ಫಿಲಿಪೀನ್ಸ್‌ನ ಫಾರ್ಮುಗಳಲ್ಲಿ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂಬ ಮೂರು ಮನೆಗಳಿರುತ್ತವೆ. ಅಲ್ಲಿ ನಡುವಿನ ಹೆಸರೆಂದರೆ ತಾಯಿಯ ತವರಿನ ಅಡ್ಡಹೆಸರು. ನಮ್ಮವರು ಆ ಮನೆಯಲ್ಲಿ ತಂದೆಯ ಹೆಸರು ತುಂಬುತ್ತಾರೆ, ಗುಮಾಸ್ತ ಅದನ್ನು ತಾಯಿಯ ಮನೆತನ ಎಂದು ಓದಿಕೊಳ್ಳುತ್ತಾನೆ. ಒಮ್ಮೆ ಮದುವೆ ಪತ್ರದಲ್ಲಿ ಹಾಗೆ ಅಚ್ಚಾದರೆ ತಿದ್ದಿಸುವುದು ದೊಡ್ಡ ಕೆಲಸ. ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಅಕ್ಷರವೂ ಬದಲಾಗದಂತೆ ಬರೆಯಿರಿ. ಸರ್‌ನೇಮ್ ಖಾಲಿ ಇದ್ದರೆ ಬೇರೆ ಯಾವ ಕಾಗದಕ್ಕೂ ಕೈಹಾಕುವ ಮುಂಚೆ ಪಾಸ್‌ಪೋರ್ಟ್ ಸರಿ ಮಾಡಿಸಿ. ತಾಯಿಯ ತವರಿನ ಹೆಸರನ್ನೂ ಆ ದೇಶದ ಮದುವೆ ಅರ್ಜಿ ಕೇಳುತ್ತದೆ. ನಮ್ಮ ದಾಖಲೆಗಳಲ್ಲಿ "ನೀಲಮ್ಮ ಗಂಡ ಮಲ್ಲಪ್ಪ" ಅಂತಷ್ಟೇ ಇರುತ್ತದೆ. ಮನೆಯಲ್ಲಿ ಹಿರಿಯರನ್ನು ಕೇಳಿ ಖಾತ್ರಿ ಮಾಡಿಕೊಂಡು, ಒಂದೇ ಕಾಗುಣಿತದಲ್ಲಿ ಎಲ್ಲೆಡೆ ಬರೆಯಿರಿ.

ಊರಿನ ಹೆಸರಿನದೂ ಇದೇ ತೊಡಕು. ಗುಲ್ಬರ್ಗ ಎಂಬುದು ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ. ಹಾಗಾಗಿ ಶಹಾಪುರ, ಸುರಪುರದಲ್ಲಿ ಹುಟ್ಟಿದವರ ಹಳೆಯ ಪಾಸ್‌ಪೋರ್ಟಿನಲ್ಲಿ ಗುಲ್ಬರ್ಗ ಜಿಲ್ಲೆ, ಹೊಸ ಜನನ ಪತ್ರದಲ್ಲಿ ಯಾದಗಿರಿ ಜಿಲ್ಲೆ. ನಮಗೆ ಇದು ಸಹಜ. ಮನಿಲಾದ ಕಚೇರಿಯಲ್ಲಿ ಕೂತವರಿಗೆ ಅವು ಎರಡು ಬೇರೆ ಊರು. ಎರಡೂ ಒಂದೇ ಎಂದು ಹೇಳುವ ಒಂದು ಅಫಿಡವಿಟ್, ಜೊತೆಗೆ ಹೆಸರು ಬದಲಾದ ಸರ್ಕಾರಿ ಅಧಿಸೂಚನೆಯ ಪ್ರತಿ ಫೈಲಿನಲ್ಲಿರಲಿ.

ಜನನ ಪ್ರಮಾಣಪತ್ರ ಕೈಬರಹದ್ದಾಗಿದ್ದರೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಡಿಜಿಟಲ್ ಸಹಿಯ ಇ-ಜನ್ಮ ಪ್ರತಿ ತೆಗೆಸಿಕೊಳ್ಳಿ. ಹಳ್ಳಿಯಲ್ಲಿ ಮನೆಯಲ್ಲೇ ಹೆರಿಗೆಯಾಗಿ ನೋಂದಣಿಯೇ ಆಗಿರದಿದ್ದರೆ ತಡವಾದ ನೋಂದಣಿ ಮಾಡಿಸಬೇಕು. ಒಂದು ವರ್ಷ ದಾಟಿದ ನೋಂದಣಿಗೆ ಮುಂಚೆ ಕೋರ್ಟಿನ ಆದೇಶ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಮಟ್ಟಕ್ಕೆ ಬಂದಿದೆ. ಯಾವ ಮೂಲ ಪ್ರತಿಯನ್ನೂ ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ಅದರ ಮೇಲೆ ಮೊಹರು, ಸ್ಟಿಕ್ಕರ್ ಬೀಳಬೇಕು.

ಇನ್ನು ನಮ್ಮ ಕಡೆಯ ಮುಖ್ಯ ಕಾಗದ, ಅವಿವಾಹಿತ ಎಂಬ ಪ್ರಮಾಣ. ಸ್ಟ್ಯಾಂಪ್ ಪೇಪರಿನಲ್ಲಿ ಅಫಿಡವಿಟ್, ನೋಟರಿ ಸಹಿ, ಅದರ ಮೇಲೆ ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕಾಗದ ನಡೆಯುವಂತೆ ಹಾಕುವ ದೃಢೀಕರಣ. ಈ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟರೂ ಮುಂದಿನವರು ಮುಟ್ಟುವುದಿಲ್ಲ. ಹೈದರಾಬಾದ್ ನಮಗೆ ಹತ್ತಿರ, ಅಲ್ಲಿಯೂ ಸಚಿವಾಲಯದ ಕೆಲಸ ನಡೆಯುತ್ತದೆ ನಿಜ. ಆದರೆ ಕರ್ನಾಟಕದ ಕಾಗದಕ್ಕೆ ಕರ್ನಾಟಕ ಸರ್ಕಾರದ ಮೊಹರು ಮೊದಲು ಬೀಳಬೇಕು, ತೆಲಂಗಾಣದವರು ಅದನ್ನು ಹಾಕಿಕೊಡುವುದಿಲ್ಲ. ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಉಳಿದದ್ದೆಲ್ಲ ಸೇವಾ ಸಂಸ್ಥೆಯ ಚಾರ್ಜು, ಏಜೆಂಟರ ಕೂಲಿ. ಭಾರತದಲ್ಲಿ ಅಪೊಸ್ಟಿಲ್ ಒಪ್ಪಂದ 2005ರಿಂದ ಇದೆ. ಫಿಲಿಪೀನ್ಸ್ ಸೇರಿದ್ದು 2019ರ ಮೇ 14ಕ್ಕೆ. ಸೌದಿ, ಒಮಾನ್, ಬಹರೇನ್ ಕೂಡ ಒಪ್ಪಂದದಲ್ಲಿವೆ. ಯುಎಇ, ಕತಾರ್, ಕುವೈತ್‌ಗೆ ಬಳಸುವ ಕಾಗದಕ್ಕೆ ಅಪೊಸ್ಟಿಲ್ ನಡೆಯುವುದಿಲ್ಲ. ಅಲ್ಲಿಗೆ ಸಚಿವಾಲಯದ ಸಾಮಾನ್ಯ ದೃಢೀಕರಣ, ಆಮೇಲೆ ಆ ದೇಶದ ರಾಯಭಾರ ಕಚೇರಿಯ ಮೊಹರು ಬೇಕು. ಕಾಗದ ಯಾವ ದೇಶದಲ್ಲಿ ಬಳಕೆಯಾಗುತ್ತದೆ ಎಂದು ಮೊದಲೇ ತೀರ್ಮಾನಿಸದೆ ಮೊಹರು ಹಾಕಿಸಿದವರು ಎರಡೆರಡು ಸಲ ದುಡ್ಡು ಕಟ್ಟುತ್ತಾರೆ.

ಮೊದಲ ಮದುವೆಯಾಗಿ ಬಿಟ್ಟವರು ಇಲ್ಲಿ ಬಹಳ ಎಚ್ಚರದಿಂದಿರಬೇಕು. ಹಿರಿಯರ ಮುಂದೆ ಬಾಂಡ್ ಪೇಪರಿನಲ್ಲಿ ಬರೆಸಿಕೊಂಡ ಸೋಡಚೀಟಿಯನ್ನು ವಿದೇಶದ ಯಾವ ಕಚೇರಿಯೂ ವಿಚ್ಛೇದನ ಎಂದು ಒಪ್ಪುವುದಿಲ್ಲ. ಕೋರ್ಟಿನ ಡಿಕ್ರಿಯ ದೃಢೀಕೃತ ಪ್ರತಿಯೇ ಬೇಕು. ಮದುವೆ ನೋಂದಣಿಯಾಗಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವಿವಾಹಿತ ಅಂತ ಪ್ರಮಾಣ ಮಾಡುವುದು ಅಪರಾಧ. ಮೊದಲ ಸಂಗಾತಿ ಬದುಕಿರುವಾಗ ವಿಚ್ಛೇದನವಿಲ್ಲದೆ ಇನ್ನೊಂದು ಮದುವೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿಗೆ ಬರುತ್ತದೆ. ಎರಡು ಹೆಣ್ಣುಮಕ್ಕಳ ಬಾಳು ಕೆಡಿಸುವ ಕೆಲಸವೂ ಹೌದು.

ಫಿಲಿಪೀನ್ಸ್‌ನವರ ಕಡೆಯಿಂದ ಬೇಕಾದದ್ದು ಮುಖ್ಯವಾಗಿ ಎರಡು, ಎರಡನ್ನೂ ಕೊಡುವುದು ಪಿಎಸ್‌ಎ ಎಂಬ ಅಂಕಿಅಂಶ ಪ್ರಾಧಿಕಾರ. ಒಂದು ಜನನ ಪತ್ರ, ಇನ್ನೊಂದು ಸೆನೊಮಾರ್, ಅಂದರೆ ಮದುವೆಯ ದಾಖಲೆ ಇಲ್ಲ ಎಂಬ ಪತ್ರ. ಸೆನೊಮಾರ್ ಸಾಮಾನ್ಯವಾಗಿ 6 ತಿಂಗಳ ಒಳಗಿನದೇ ಬೇಕು ಎನ್ನುತ್ತಾರೆ. ಆದ್ದರಿಂದ ಅದನ್ನು ಎಲ್ಲಕ್ಕಿಂತ ಮೊದಲು ತೆಗೆಸಬೇಡಿ. ನಿಮ್ಮ ಜನನ ಪತ್ರ, ಪಾಸ್‌ಪೋರ್ಟ್ ತಿದ್ದುಪಡಿ ಮುಗಿದ ಮೇಲೆ ತೆಗೆಸಿದರೆ ಅವಧಿ ಕೈಯಲ್ಲಿರುತ್ತದೆ. ಸ್ಯಾಂಟೋಸ್, ರೆಯೆಸ್, ಕ್ರೂಜ್‌ನಂಥ ಅಡ್ಡಹೆಸರು ಅಲ್ಲಿ ನಮ್ಮ ಪಾಟೀಲ, ಬಿರಾದಾರರ ಹಾಗೆ. ಅರ್ಜಿಯಲ್ಲಿ ತಂದೆ ತಾಯಿಯ ಪೂರ್ತಿ ಹೆಸರು, ಹುಟ್ಟಿದ ತಾರೀಖು, ಊರು ಸರಿಯಾಗಿ ಕೊಡದಿದ್ದರೆ ಹೆಸರೊಂದೇ ಆದ ಬೇರೆಯವರ ಮದುವೆ ಎದ್ದು ಕೂರಬಹುದು.

ಸಂಗಾತಿಗೆ ಮುಂಚೆ ಮದುವೆಯಾಗಿದ್ದರೆ ಸೆನೊಮಾರ್ ಬದಲು ಮದುವೆಗಳ ವಿವರವಿರುವ ಪತ್ರ ಬರುತ್ತದೆ. ಫಿಲಿಪೀನ್ಸ್‌ನಲ್ಲಿ ಮುಸ್ಲಿಮರ ವೈಯಕ್ತಿಕ ಕಾನೂನು ಬಿಟ್ಟರೆ ವಿಚ್ಛೇದನ ಎಂಬುದೇ ಇಲ್ಲ. "ನಾವು ಬೇರೆಯಾಗಿ ಏಳು ವರ್ಷ ಆಯಿತು" ಎಂಬ ಮಾತು ಅಲ್ಲಿನ ಕಾನೂನಿಗೆ ಲೆಕ್ಕವಿಲ್ಲ. ಕಾನೂನು ಪ್ರಕಾರ ಬೇರೆ ವಾಸಕ್ಕೆ ಕೋರ್ಟಿನ ಆದೇಶ ಇದ್ದರೂ ಮದುವೆ ಮುರಿದಂತಲ್ಲ. ಮದುವೆ ಅನೂರ್ಜಿತ ಎಂದು ಅಲ್ಲಿನ ಕೋರ್ಟು ತೀರ್ಪು ಕೊಟ್ಟಿರಬೇಕು, ತೀರ್ಪು ಅಂತಿಮವಾದ ಪತ್ರ ಇರಬೇಕು, ಪಿಎಸ್‌ಎಯ ಹಳೆಯ ಮದುವೆ ಪತ್ರದ ಅಂಚಿನಲ್ಲಿ ಅದರ ಟಿಪ್ಪಣಿ ಬಂದಿರಬೇಕು. ಬೇರೆ ದೇಶದಲ್ಲಿ ವಿಚ್ಛೇದನ ಆಗಿದ್ದರೂ ಫಿಲಿಪೀನ್ಸ್ ಕೋರ್ಟು ಅದನ್ನು ಮಾನ್ಯ ಮಾಡುವವರೆಗೆ ಮರುಮದುವೆಗೆ ದಾರಿ ಇಲ್ಲ. ವಿಧವೆ, ವಿಧುರರಾದರೆ ಸಂಗಾತಿಯ ಮರಣ ಪತ್ರ ಪಿಎಸ್‌ಎಯದ್ದೇ ಬೇಕು. ಈ ವಿಷಯ ಮೊದಲ ದಿನವೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಇಲ್ಲಿ ಮುಜುಗರಪಟ್ಟು ಸುಮ್ಮನಾದರೆ ಮುಂದೆ ಹಾಲ್ ಬುಕ್ ಆದ ಮೇಲೆ ಎಲ್ಲ ನಿಲ್ಲುತ್ತದೆ.

ವಯಸ್ಸಿನ ನಿಯಮವೂ ಬೇರೆ. ಅಲ್ಲಿ 18 ತುಂಬಿದರೆ ಮದುವೆ ಆಗಬಹುದು, ಆದರೆ 21ರ ಒಳಗೆ ತಂದೆ ತಾಯಿಯ ಲಿಖಿತ ಒಪ್ಪಿಗೆ ಬೇಕು. 21ರಿಂದ 25ರವರೆಗೆ ಅವರ ಸಲಹೆ ಪಡೆದ ಪತ್ರ ಬೇಕು, ಇಲ್ಲದಿದ್ದರೆ ಮದುವೆಯ ಲೈಸೆನ್ಸ್ ಮೂರು ತಿಂಗಳು ತಡವಾಗುತ್ತದೆ.

ಮದುವೆ ಫಿಲಿಪೀನ್ಸ್‌ನಲ್ಲೇ ಆಗುವುದಾದರೆ: ಅಲ್ಲಿನ ಕುಟುಂಬ ಸಂಹಿತೆಯ 21ನೇ ಕಲಮಿನ ಪ್ರಕಾರ ವಿದೇಶಿಯರು ತಮ್ಮ ರಾಯಭಾರ ಕಚೇರಿಯಿಂದ ಮದುವೆಗೆ ಅಡ್ಡಿಯಿಲ್ಲ ಎಂಬ ಪತ್ರ ತರಬೇಕು. ನಮಗೆ ಅದು ಮನಿಲಾದ ಭಾರತೀಯ ರಾಯಭಾರ ಕಚೇರಿ. ಅವಿವಾಹಿತ ಪ್ರಮಾಣದ ಮೂಲ ಪ್ರತಿ ಅಲ್ಲೇ ಬೇಕಾಗುವುದು. ಆಮೇಲೆ ಸಂಗಾತಿಯ ಊರಿನ ಸ್ಥಳೀಯ ಸಿವಿಲ್ ರಿಜಿಸ್ಟ್ರಾರ್ ಹತ್ತಿರ ಇಬ್ಬರೂ ಅರ್ಜಿ ಹಾಕಬೇಕು, ಮದುವೆ ಪೂರ್ವ ಸೆಮಿನಾರಿಗೆ ಇಬ್ಬರೂ ಕೂರಬೇಕು. ಅರ್ಜಿಯನ್ನು ನೋಟಿಸ್ ಬೋರ್ಡಿನಲ್ಲಿ 10 ದಿನ ಹಾಕಿ ಆಮೇಲೆ ಲೈಸೆನ್ಸ್ ಕೊಡುತ್ತಾರೆ. ಅದರ ಆಯುಸ್ಸು 120 ದಿನ, ದೇಶದೊಳಗೆ ಎಲ್ಲಿ ಬೇಕಾದರೂ ನಡೆಯುತ್ತದೆ. ಪ್ರಾಯಕ್ಕೆ ಬಂದ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು.

ಲೆಕ್ಕ ತಪ್ಪುವುದು ಇಲ್ಲಿಯೇ. 2025ರ ಜೂನ್‌ನಿಂದ ಭಾರತೀಯರಿಗೆ ಪ್ರವಾಸಕ್ಕೆಂದು 14 ದಿನ ವೀಸಾ ಇಲ್ಲದೆ ಬಿಡುತ್ತಾರೆ, ಅದನ್ನು ವಿಸ್ತರಿಸಲು ಬರುವುದಿಲ್ಲ. ರಾಯಭಾರ ಕಚೇರಿಯ ಪತ್ರ, ಸೆಮಿನಾರು, 10 ದಿನದ ನೋಟಿಸು, ನಡುವೆ ಶನಿವಾರ ಭಾನುವಾರ, ಇವೆಲ್ಲ 14 ದಿನದಲ್ಲಿ ಹಿಡಿಯುವುದಿಲ್ಲ. ಮುಂಚೆಯೇ ವೀಸಾ ಮಾಡಿಸಿಕೊಂಡು ಹೋಗಿ. ರಜೆ ಕಡಿಮೆ ಇದೆ ಎಂದಾಗ ಏಜೆಂಟರು ಒಂದು ಅಡ್ಡದಾರಿ ತೋರಿಸುತ್ತಾರೆ: ಐದು ವರ್ಷ ಗಂಡ ಹೆಂಡತಿಯಾಗಿ ಒಟ್ಟಿಗೆ ಬಾಳಿದವರಿಗೆ 34ನೇ ಕಲಮಿನಲ್ಲಿ ಲೈಸೆನ್ಸ್ ಬೇಡ, ಹಾಗಂತ ಒಂದು ಅಫಿಡವಿಟ್ ಬರೆದರೆ ಸಾಕು ಎಂದು. ಸುಳ್ಳು ಅಫಿಡವಿಟ್ಟಿನ ಮೇಲೆ ಲೈಸೆನ್ಸ್ ಇಲ್ಲದೆ ಆದ ಮದುವೆ ಮೊದಲಿನಿಂದಲೇ ಶೂನ್ಯ, 2008ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಹಾಗೆಯೇ ತೀರ್ಪು ಕೊಟ್ಟಿದೆ. ಹತ್ತು ದಿನ ಉಳಿಸಲು ಹೋಗಿ ಮದುವೆಯನ್ನೇ ಕಳೆದುಕೊಳ್ಳಬೇಡಿ.

ಚರ್ಚಿನಲ್ಲಿ ಮದುವೆ ಬೇಕೆಂದರೆ ಕೆಥೋಲಿಕ್ ಸಂಗಾತಿಯ ದೀಕ್ಷಾಸ್ನಾನದ ಪತ್ರ ಮದುವೆಯ ಉದ್ದೇಶಕ್ಕೆಂದೇ ಹೊಸದಾಗಿ ತೆಗೆಸಿದ್ದು ಬೇಕು. ನೀವು ಕ್ರೈಸ್ತರಲ್ಲದಿದ್ದರೆ ಧರ್ಮಪ್ರಾಂತದ ವಿಶೇಷ ಅನುಮತಿ ಬೇಕು. ಬೀದರಿನ ಮೆಥೋಡಿಸ್ಟ್ ಮನೆತನದವರಿಗೂ ಮಿಶ್ರ ಮದುವೆಯ ಅನುಮತಿ ಬೇಕಾಗುತ್ತದೆ. ಪಾದ್ರಿಗಳನ್ನು ಮೂರು ತಿಂಗಳು ಮುಂಚೆ ಕಾಣಿ.

ದುಡಿಯುವ ದೇಶದಲ್ಲೇ ಆಗುವುದಾದರೆ ಫಿಲಿಪೀನ್ಸ್ ಸಂಗಾತಿ ಅಲ್ಲಿನ ತಮ್ಮ ಕಾನ್ಸುಲೇಟಿನಿಂದ ಮದುವೆಗೆ ಅರ್ಹತೆಯ ಪತ್ರ ಪಡೆಯಬೇಕು. ಅದಕ್ಕೂ 10 ದಿನದ ನೋಟಿಸು, 120 ದಿನದ ಆಯುಸ್ಸು. ಅಬುಧಾಬಿಯಲ್ಲಿ ಮುಸ್ಲಿಮೇತರರಿಗೆ 2021ರ ಕಾನೂನಿನಡಿ ಸಿವಿಲ್ ಮದುವೆ ಆಗುತ್ತದೆ. ಹಾಂಗ್‌ಕಾಂಗ್‌ನಲ್ಲಿ ನೋಟಿಸು ಕೊಟ್ಟು 15 ದಿನ ಕಳೆದ ಮೇಲೆ, ಮೂರು ತಿಂಗಳೊಳಗೆ ಮುಗಿಸಬೇಕು.

ಊರಲ್ಲೇ ಆಗಬೇಕು, ಅವ್ವ ಅಪ್ಪ ನೋಡಬೇಕು ಎನ್ನುವವರು ಬಹಳ. ಆಸೆ ಸರಿ. ಆದರೆ ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾದರೆ ಮಾತ್ರ. ಗುಡಿಯಲ್ಲಿ ತಾಳಿ ಕಟ್ಟಿ, ನೋಟರಿ ಹತ್ತಿರ ಮದುವೆ ಅಫಿಡವಿಟ್ ಮಾಡಿಸಿದರೆ ಕ್ರೈಸ್ತ ಸಂಗಾತಿಯ ದೇಶಕ್ಕೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ದಾರಿ 1954ರ ವಿಶೇಷ ವಿವಾಹ ಕಾಯ್ದೆ, ಕಚೇರಿ ಸಬ್ ರಿಜಿಸ್ಟ್ರಾರರದ್ದು. ಇಬ್ಬರಲ್ಲಿ ಒಬ್ಬರಾದರೂ ನೋಟಿಸಿಗೆ ಮುಂಚೆ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು, ನೋಟಿಸು ಹಾಕಿದ ಮೇಲೆ ಆಕ್ಷೇಪಣೆಗೆ ಇನ್ನೂ 30 ದಿನ. ಅಂದರೆ ಕೊಲ್ಲಿಯಿಂದ ಒಂದು ತಿಂಗಳ ರಜೆಯಲ್ಲಿ ಬಂದವರಿಗೆ ಇದು ಮುಗಿಯುವುದಿಲ್ಲ, ಎರಡು ತಿಂಗಳಿಗೆ ಮೇಲೆ ಬೇಕು. ನೋಟಿಸು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸು. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ಸಾಕ್ಷಿಗಳು ಮೂವರು. ಸಂಗಾತಿ ಮನೆಯಲ್ಲೇ ಉಳಿದುಕೊಂಡರೂ 24 ತಾಸಿನೊಳಗೆ ಆನ್‌ಲೈನಿನಲ್ಲಿ ವಿದೇಶಿ ಅತಿಥಿಯ ಮಾಹಿತಿ ತುಂಬುವುದು ಮನೆಯವರ ಜವಾಬ್ದಾರಿ. ಗುಡಿಯ ಮದುವೆ, ಊಟ, ಮೆರವಣಿಗೆ ನೋಂದಣಿಯ ಹಿಂದೆ ಮುಂದೆ ಯಾವಾಗಲಾದರೂ ಮಾಡಿಕೊಳ್ಳಿ.

ನಮ್ಮ ಕೆಲವು ಮನೆತನಗಳಲ್ಲಿ ಅಕ್ಕಿಯ ಮೇಲೆ ಸೊಸೆಗೆ ಹೊಸ ಹೆಸರು ಬರೆಸುವ ಪದ್ಧತಿ ಇದೆ. ಅದು ಅಕ್ಕಿಯ ಮೇಲಷ್ಟೇ ಇರಲಿ. ಕಾಗದದಲ್ಲಿ ಅವಳ ಹೆಸರು ಪಾಸ್‌ಪೋರ್ಟಿನದೇ ಇರಬೇಕು. ಗಂಡನ ಅಡ್ಡಹೆಸರು ಇಟ್ಟುಕೊಳ್ಳಲೇಬೇಕೆಂದು ಫಿಲಿಪೀನ್ಸ್ ಕಾನೂನೂ ಹೇಳುವುದಿಲ್ಲ, ಅದು ಅವಳ ಇಷ್ಟ.

ಫಿಲಿಪೀನ್ಸ್ ಹೊರಗೆ ಆದ ಮದುವೆಯನ್ನು ಆ ದೇಶಕ್ಕೆ ವರದಿ ಮಾಡುವುದನ್ನು ಬಹಳ ಜನ ಮರೆಯುತ್ತಾರೆ. ಭಾರತದಲ್ಲಿ ಆದರೆ ದೆಹಲಿಯ ಫಿಲಿಪೀನ್ಸ್ ರಾಯಭಾರ ಕಚೇರಿಗೆ, ಬೇರೆ ದೇಶದಲ್ಲಾದರೆ ಅಲ್ಲಿನ ಅವರ ಕಾನ್ಸುಲೇಟಿಗೆ, ಒಂದು ವರ್ಷದೊಳಗೆ. ತಡವಾದರೆ ಕಾರಣ ಹೇಳುವ ಅಫಿಡವಿಟ್ ಸೇರಿಸಬೇಕು. ವರದಿ ಪಿಎಸ್‌ಎ ತಲುಪಿ ಅಲ್ಲಿನ ಮದುವೆ ಪತ್ರ ಸಿಗಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಗಂಡನ ಹೆಸರಿನಲ್ಲಿ ಪಾಸ್‌ಪೋರ್ಟ್ ಬೇಕೆಂದರೆ ವರದಿಯ ಪ್ರತಿಯೇ ಆಧಾರ. ಸಂಗಾತಿ ಫಿಲಿಪೀನ್ಸ್‌ನಿಂದ ಪತಿ ಪತ್ನಿ ವೀಸಾದಲ್ಲಿ ಹೊರಡುವುದಾದರೆ ಸಿಎಫ್‌ಒ ಎಂಬ ಸರ್ಕಾರಿ ಆಯೋಗದ ಸಮಾಲೋಚನೆಗೆ ಕೂತು ಪ್ರಮಾಣಪತ್ರ ಪಡೆಯಬೇಕು. ಅದಿಲ್ಲದೆ ವಿಮಾನ ನಿಲ್ದಾಣದಲ್ಲೇ ಇಳಿಸಿಬಿಡುತ್ತಾರೆ, ಅವರ ಭಾಷೆಯಲ್ಲಿ ಅದಕ್ಕೆ ಆಫ್‌ಲೋಡ್ ಎನ್ನುತ್ತಾರೆ. ಟಿಕೆಟಿನ ದುಡ್ಡೂ ಹೋಗುತ್ತದೆ.

ಇಲ್ಲಿಗೆ ಬಂದು ನೆಲೆಸುವವರು 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿದ್ದರೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ತಾಣ ಇ-ಎಫ್‌ಆರ್‌ಆರ್‌ಒದಲ್ಲಿ ನೋಂದಣಿ ಮಾಡಿಸಬೇಕು. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ನೋಂದಣಿಯಾದ ಮದುವೆ ಎರಡು ವರ್ಷ ನಿರಂತರವಾಗಿ ಇದ್ದಿರಬೇಕು, ಗುಡಿಯಲ್ಲಿ ತಾಳಿ ಕಟ್ಟಿದ ದಿನದಿಂದ ಅದನ್ನು ಎಣಿಸುವುದಿಲ್ಲ.