ಡಂಕನ್ ಮೆಕ್ಲೌಡ್‌ನ ಕತಾನಾ: ಅಲಗು ಮುಗಿದಿದೆ, ಹಿಡಿ ಕೆತ್ತನೆಯಲ್ಲಿದೆ

‘ಹೈಲ್ಯಾಂಡರ್’ ಟಿವಿ ಸರಣಿಯ ನಾಯಕ ಡಂಕನ್ ಮೆಕ್ಲೌಡ್‌ನ ಕತಾನಾದ, ಅಂದರೆ ಬಾಗಿದ ಜಪಾನಿ ಕತ್ತಿಯ, ಪ್ರತಿಕೃತಿಯನ್ನು ಮರದಲ್ಲಿ ಮಾಡುತ್ತಿದ್ದೇವೆ. ಈವರೆಗಿನ ಸ್ಥಿತಿ ಹೀಗಿದೆ. ಮರದ ಅಲಗು ಆಕಾರಕ್ಕೆ ಬಂದು ಬಣ್ಣವೂ ಮುಗಿದಿದೆ, ಮೇಣದ ಉಜ್ಜಾಟ ಮಾತ್ರ ಬಾಕಿ. ತ್ಸುಬಾ, ಅಂದರೆ ಹಿಡಿಗೂ ಅಲಗಿಗೂ ನಡುವಿನ ತಟ್ಟೆಯನ್ನು ಹಿತ್ತಾಳೆಯಲ್ಲಿ ಕತ್ತರಿಸಿ ಅರ ಹಾಕಿಯಾಗಿದೆ. ಹಿಡಿಯ ಎರಡು ಹೋಳುಗಳಲ್ಲಿ ಒಂದರ ಕೆತ್ತನೆ ಮುಗಿದಿದೆ. ಹಿಡಿಯ ತುದಿಗೆ ಬರುವ ಡ್ರ್ಯಾಗನ್ ತಲೆಯ ಅಚ್ಚು ಸಿದ್ಧ, ಎರಕ ಹೊಯ್ಯಬೇಕು. ಒರೆಗೆ ಇನ್ನೂ ಕೈ ಹಾಕಿಲ್ಲ.

ಯಾವ ಕತ್ತಿ ಎಂಬುದನ್ನು ಮೊದಲು ಹೇಳಬೇಕು. ಸಾವಿಲ್ಲದ ಯೋಧರ ಕತೆ ಹೇಳುವ ‘ಹೈಲ್ಯಾಂಡರ್’ ಲೋಕದಲ್ಲಿ ಹೆಸರಾದ ಕತಾನಾಗಳು ಎರಡು. ಒಂದು, ರಸೆಲ್ ಮಲ್ಕಾಹಿ ನಿರ್ದೇಶನದ 1986ರ ಚಿತ್ರದಲ್ಲಿ ಶಾನ್ ಕಾನರಿಯ ರಾಮಿರೆಜ್ ಹಿಡಿದು ಬಂದದ್ದು. ಅವನ ನಂತರ ಅದು ಕ್ರಿಸ್ಟೋಫರ್ ಲ್ಯಾಂಬರ್ಟ್‌ನ ಕಾನರ್ ಮೆಕ್ಲೌಡ್ ಪಾಲಾಗುತ್ತದೆ. ಇನ್ನೊಂದು, 1992ರಿಂದ 1998ರವರೆಗೆ 119 ಕಂತುಗಳಲ್ಲಿ ಬಂದ ಟಿವಿ ಸರಣಿಯಲ್ಲಿ ಏಡ್ರಿಯನ್ ಪಾಲ್‌ನ ಡಂಕನ್ ಕೈಯಲ್ಲಿರುವ, ಬಿಳಿ ಹಿಡಿಯ ತುದಿಯಲ್ಲಿ ಡ್ರ್ಯಾಗನ್ ತಲೆಯಿರುವ ಕತ್ತಿ. ನಮ್ಮದು ಈ ಎರಡನೆಯದು.

ಆಯ್ಕೆಗೆ ಕಾರಣ ಅಳತೆ. ಚಿತ್ರದ ಕತೆಯಂತೆ ರಾಮಿರೆಜ್‌ನ ಕತ್ತಿಯನ್ನು ಜಪಾನಿನ ಹೆಸರಾಂತ ಕತ್ತಿ ಕಮ್ಮಾರ ಮಾಸಮುನೆ ಕ್ರಿ.ಪೂ. 593ರಲ್ಲಿ ಮಾಡಿದ. ಚರಿತ್ರೆಯ ಮಾಸಮುನೆ ಕೆಲಸ ಮಾಡಿದ್ದು 13ನೇ ಶತಮಾನದ ಕೊನೆ ಮತ್ತು 14ನೆಯದರ ಆರಂಭದಲ್ಲಿ. ಬಾಗಿದ ಜಪಾನಿ ಅಲಗು ರೂಪುಗೊಂಡದ್ದೇ 10ನೇ ಶತಮಾನದ ಆಸುಪಾಸು. ಲೋಹವನ್ನು 200 ಸಲ ಮಡಿಸಲಾಗಿದೆ ಎಂಬ ಮಾತೂ ಚಿತ್ರದಲ್ಲಿದೆ. ಪ್ರತಿ ಮಡಿಕೆಗೂ ಪದರ ಇಮ್ಮಡಿಯಾಗುವುದರಿಂದ 15 ಮಡಿಕೆಗೇ 32,768 ಪದರಗಳಾಗುತ್ತವೆ. ಕಾಯಿಸಿದಾಗೆಲ್ಲ ಉಕ್ಕಿನ ಇಂಗಾಲ ಕಡಿಮೆಯಾಗುತ್ತದೆ, ಮೇಲ್ಮೈ ಪೊರೆಯಾಗಿ ಉದುರಿ ತೂಕವೂ ಇಳಿಯುತ್ತದೆ. ಹಾಗಾಗಿ ಕಮ್ಮಾರರು ಹತ್ತು ಹದಿನೈದಕ್ಕೇ ನಿಲ್ಲಿಸುತ್ತಿದ್ದರು. ಪುರಾಣವಾಗಿ ಅದು ಸೊಗಸು, ಆದರೆ ಅದನ್ನು ನಂಬಿ ಅಲಗಿಗೆ ಗೆರೆ ಎಳೆಯಲಾಗದು.

ಡಂಕನ್‌ನ ಕತ್ತಿಗೆ ಈ ತೊಡಕಿಲ್ಲ. ಮೂರನೇ ಸೀಸನ್‌ನ ‘ದಿ ಸಾಮುರಾಯ್’ ಕಂತಿನಲ್ಲಿ, 1778ರ ಜಪಾನಿನ ದಡ ಸೇರಿದ ಡಂಕನ್‌ಗೆ ಸಾಮುರಾಯ್ ಯೋಧ ಹಿಡೆಯೊ ಕೋತೊ ಆಶ್ರಯ ಕೊಡುತ್ತಾನೆ. ಹೊರದೇಶದವರಿಗೆ ಬಾಗಿಲು ಮುಚ್ಚಿದ್ದ ಕಾಲ ಅದು. ಆ ಆಶ್ರಯಕ್ಕೆ ಕೋತೊ ತೆರುವ ಬೆಲೆ ತನ್ನ ಪ್ರಾಣ, ಕತ್ತಿ ಡಂಕನ್‌ಗೆ ಉಳಿಯುತ್ತದೆ. ಸರಣಿಯುದ್ದಕ್ಕೂ ಈ ಕತ್ತಿಗಿರುವ ಭಾರ ಬಂದದ್ದು ಆ ಒಂದು ಕಂತಿನಿಂದ. ನಮ್ಮ ಕೆಲಸಕ್ಕೆ ಅದರಿಂದ ಆದ ಉಪಕಾರವೆಂದರೆ, ಆಗಿನ ಜಪಾನಿನ, ಅಂದರೆ ಎದೊ ಕಾಲದ ರೂಢಿಯ ಅಳತೆಯನ್ನೇ ಹಿಡಿಯಬಹುದು: ಅಲಗು 2 ಶಾಕು 3 ಸುನ್, ಅಂದರೆ 69.7 ಸೆಂ.ಮೀ.

ಅಲಗು

ಉದ್ದ 700 ಮಿ.ಮೀ., ಬುಡದಲ್ಲಿ ಅಗಲ 32, ತುದಿಯ ಹತ್ತಿರ 22. ಬಾಗು 18 ಮಿ.ಮೀ. ಹಿಡಿಯೊಳಗೆ ಹೋಗುವ ಬಾಲ 250. ಉಕ್ಕಿನ ಅಲಗು ಬುಡದಲ್ಲಿ 7 ಮಿ.ಮೀ. ದಪ್ಪ ಇದ್ದರೆ ಸಾಕು. ಮರಕ್ಕೆ ಅದು ಸಾಲದು, 10ಕ್ಕೆ ಏರಿಸಿ ತುದಿಯತ್ತ 7ಕ್ಕೆ ಇಳಿಸಿದ್ದೇವೆ. ಕತ್ತಿಯ ಬಾಯಿಯನ್ನು 2 ಮಿ.ಮೀ. ದಪ್ಪ ಬಿಟ್ಟು ದುಂಡಗೆ ತೀಡಿದೆ. ಉಕ್ಕು ಬೇಡವೆಂದದ್ದಕ್ಕೆ ಕಾನೂನೂ ಕಾರಣ. 1959ರ ಆಯುಧ ಕಾಯ್ದೆ ಮತ್ತು ಅದರ ನಿಯಮಗಳು ಖಡ್ಗಗಳನ್ನೂ, ಮನೆಗೆಲಸ ಬೇಸಾಯಗಳಿಗಲ್ಲದ 9 ಇಂಚು ಮೀರಿದ ಚೂರಿಗಳನ್ನೂ ಆಯುಧಗಳ ಪಟ್ಟಿಯಲ್ಲೇ ಇಟ್ಟಿವೆ.

ಹೆಚ್ಚಿನ ಮರದ ಕತಾನಾಗಳು ಕೆಡುವುದು ಬಾಗಿನಲ್ಲಿ. ನೇರ ಹಲಗೆಯ ಮೇಲೆ ಬಾಗಿದ ಗೆರೆ ಎಳೆದು ಕೊಯ್ದರೆ ಮರದ ಎಳೆಗಳು ಅಲಗಿನ ಜೊತೆ ಬಾಗುವುದಿಲ್ಲ. ತುದಿಯ ಹತ್ತಿರ ಅವು ಓರೆಯಾಗಿ ಹೊರಗೆ ಹೋಗುತ್ತವೆ. ಕೆಳಗೆ ಬಿದ್ದಾಗ ಸೀಳುವುದು ಅಲ್ಲೇ, ಕೊನೆಯ ಒಂದು ಗೇಣಿನೊಳಗೆ. ಆದ್ದರಿಂದ ಕೊಯ್ದಿಲ್ಲ, ಪಟ್ಟಿ ಅಂಟಿಸಿ ಬಾಗಿಸಿದ್ದೇವೆ. 4 ಮಿ.ಮೀ. ದಪ್ಪ, 12 ಮಿ.ಮೀ. ಅಗಲದ ಬೀಚ್ ಮರದ ಒಂಬತ್ತು ಪಟ್ಟಿಗಳು, ಬೆನ್ನಿನಿಂದ ಬಾಯಿಯವರೆಗೆ ಒಂದರ ಮೇಲೊಂದು. ಒಟ್ಟು 36 ಮಿ.ಮೀ. ಬರುತ್ತದೆ, ಉಜ್ಜುಗೊರಡಿಗೆ 4 ಮಿ.ಮೀ. ಸಿಗುತ್ತದೆ.

700ಕ್ಕೆ 18 ಬಾಗು ಬರಬೇಕಾದರೆ ವೃತ್ತದ ತ್ರಿಜ್ಯ ಸುಮಾರು 3.4 ಮೀಟರ್. ಪ್ಲೈವುಡ್ ಮೇಲೆ ಮೊಳೆ ಹೊಡೆದು, ದಾರ ಕಟ್ಟಿ, ಅಂಗಳದಲ್ಲಿ ಈ ಕಮಾನು ಎಳೆಯಬಹುದು. ದಾರ ಹಿಗ್ಗುತ್ತದೆ, ಆದ್ದರಿಂದ ಬೈಂಡಿಂಗ್ ತಂತಿ ಒಳ್ಳೆಯದು. ಬಾಲವನ್ನೂ ಸೇರಿಸಿ ಅಚ್ಚು 1 ಮೀಟರ್ ಉದ್ದ ಇರಲಿ, ಅಷ್ಟು ಉದ್ದಕ್ಕೆ ಬಾಗು 37 ಮಿ.ಮೀ. ಆಗುತ್ತದೆ. ಅಂಟು ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ, 8 ಸೆಂ.ಮೀ.ಗೊಂದು ಕ್ಲ್ಯಾಂಪ್, ಪೂರ್ತಿ 24 ಗಂಟೆ. ಐದು ನಿಮಿಷದ ಎಪಾಕ್ಸಿ ಬೇಡ. ಒಂಬತ್ತನೇ ಪಟ್ಟಿಗೆ ಹಚ್ಚುವಷ್ಟರಲ್ಲಿ ಮೊದಲನೆಯದು ಸೆಟೆದಿರುತ್ತದೆ. ಬಿಳಿ ಫೆವಿಕಾಲ್‌ನಲ್ಲೂ ಆಗುತ್ತದೆ, ಆದರೆ ಎಳೆತದಲ್ಲಿರುವ ಜೋಡಣೆಯಲ್ಲಿ ಅದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಸಾಗುವಾನಿ ಬಳಸುವವರು ಅಂಟು ಹಚ್ಚುವ ಮುಂಚೆ ಅಸಿಟೋನ್‌ನಲ್ಲಿ ಒರೆಸಲೇಬೇಕು, ಅದರ ಎಣ್ಣೆ ಎಪಾಕ್ಸಿಯನ್ನು ಹಿಡಿಯಗೊಡುವುದಿಲ್ಲ.

ಕ್ಲ್ಯಾಂಪ್ ಬಿಚ್ಚಿದಾಗ ಎಷ್ಟು ಹಿಂದಕ್ಕೆ ಚಿಮ್ಮುತ್ತದೆ ಎಂಬ ಪ್ರಶ್ನೆಗೆ ಬಡಗಿಗಳ ಲೆಕ್ಕವೊಂದಿದೆ: ಪಟ್ಟಿಗಳ ಸಂಖ್ಯೆಯ ವರ್ಗದಿಂದ ಬಾಗನ್ನು ಭಾಗಿಸಬೇಕು. ಎರಡೇ ಪಟ್ಟಿಯಾದರೆ ಕಾಲುಭಾಗ ಹೋಗುತ್ತದೆ, ಮೂರಾದರೆ 2 ಮಿ.ಮೀ. ಒಂಬತ್ತಾದರೆ 0.2 ಮಿ.ಮೀ., ಗಣನೆಗೇ ಬಾರದು.

ತೂಕ

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ ಭಾಗ ಇದು, ಏಕೆಂದರೆ ಫೋಟೊದಲ್ಲಿ ಕತ್ತಿ ಆಟಿಕೆಯಂತೆ ಕಾಣುವುದು ಬಣ್ಣದಿಂದಲ್ಲ, ಹಿಡಿದ ಕೈಯ ಮಣಿಕಟ್ಟಿನಿಂದ. ನಿಜ ಕತಾನಾ 1.1 ಕೆ.ಜಿ. ಮೇಲೆ ತೂಗುತ್ತದೆ, ಅದರ ತೂಕದ ಕೇಂದ್ರ ತ್ಸುಬಾದಿಂದ ಮುಂದೆ 10–15 ಸೆಂ.ಮೀ. ಇರುತ್ತದೆ. ಅದನ್ನು ಹಿಡಿದವರ ಮುಂಗೈ ತಾನಾಗಿ ಬಿಗಿಯಾಗುತ್ತದೆ. ನಮ್ಮ ಬೀಚ್ ಅಲಗು ಬಾಲ ಬಿಟ್ಟು 85 ಗ್ರಾಂ. ಹಿಡಿ 133, 4 ಮಿ.ಮೀ. ದಪ್ಪ 75 ಮಿ.ಮೀ. ವ್ಯಾಸದ ಹಿತ್ತಾಳೆ ತ್ಸುಬಾ 142, ಡ್ರ್ಯಾಗನ್ ತಲೆ ಗಟ್ಟಿ ಎರಕವಾದರೆ 44 ಎಂದು ಲೆಕ್ಕ. ಹೀಗೇ ಜೋಡಿಸಿದರೆ ತೂಕದ ಕೇಂದ್ರ ತ್ಸುಬಾದ ಹಿಂದೆ 2 ಸೆಂ.ಮೀ.ಗೆ, ಹಿಡಿಯೊಳಗೇ ಬೀಳುತ್ತದೆ, ತುದಿ ಗಾಳಿಯಲ್ಲಿ ತೇಲುತ್ತದೆ.

ಪರಿಹಾರ: ಬೆನ್ನಿನಲ್ಲಿ 3 ಮಿ.ಮೀ. ಅಗಲ, 13 ಮಿ.ಮೀ. ಆಳದ ಗಾಡಿ, ಅಂದರೆ ಉದ್ದನೆಯ ಕಾಲುವೆ ತೋಡಿ, 3×12 ಮಿ.ಮೀ.ನ 400 ಮಿ.ಮೀ. ಉದ್ದದ ಕಬ್ಬಿಣದ ಪಟ್ಟಿ ಹುದುಗಿಸುವುದು. ಅದರ ತೂಕ 113 ಗ್ರಾಂ. ಪಟ್ಟಿಯನ್ನು ತ್ಸುಬಾದಿಂದಲೇ ಶುರು ಮಾಡಬಾರದು, 100 ಮಿ.ಮೀ. ಬಿಟ್ಟು ಶುರು ಮಾಡಬೇಕು. ಆಗ ಕೇಂದ್ರ ತ್ಸುಬಾದ ಮುಂದೆ 4 ಸೆಂ.ಮೀ.ಗೆ ಬರುತ್ತದೆ. ಒಟ್ಟು ತೂಕ 600 ಗ್ರಾಂ ದಾಟುವುದಿಲ್ಲ, ಆದರೂ ಕೈಗೆ ಕತ್ತಿ ಎನಿಸುತ್ತದೆ. ಗಾಡಿಯ ಮೇಲಿನ 1 ಮಿ.ಮೀ.ಗೆ ಎಪಾಕ್ಸಿ ಮತ್ತು ಮರದ ಪುಡಿ ಕಲಸಿ ತುಂಬಿ ತೀಡಿದೆ. ಕಬ್ಬಿಣವನ್ನು ಮೊದಲು 80ರ ಉಪ್ಪುಕಾಗದದಲ್ಲಿ ಒರಟಾಗಿಸದಿದ್ದರೆ ಒಳಗೇ ಬಿಟ್ಟುಕೊಂಡು ಲಟಲಟ ಸದ್ದು ಮಾಡುತ್ತದೆ.

ಬಣ್ಣ

ಸೀಲರ್ ಎರಡು ಕೈ, ಪ್ರೈಮರ್, 400ರಿಂದ 1200ರವರೆಗೆ ನೀರು ಹಾಕಿ ಉಜ್ಜಾಟ, ಮೇಲೆ ಹೊಳಪಿನ ಕಪ್ಪು. ಬೆಳ್ಳಿ ಸ್ಪ್ರೇಯನ್ನು ಇಡೀ ಅಲಗಿಗೆ ಹೊಡೆಯುವ ರೂಢಿ ಇದೆ. ದಯವಿಟ್ಟು ಬೇಡ, ಅದು ನೀರಿನ ಪೈಪಿನ ಬಣ್ಣ. ಕಪ್ಪು ಒಣಗಿದ ಮೇಲೆ ಗ್ರಾಫೈಟ್ ಪುಡಿಯನ್ನು ಚರ್ಮದ ಚೂರಿನಿಂದ ತಿಕ್ಕಿದರೆ ಉಕ್ಕಿನ ಆಳ ಬರುತ್ತದೆ.

ಹಾಮೊನ್, ಅಂದರೆ ಬಾಯಿಯ ಉದ್ದಕ್ಕೂ ಕಾಣುವ ಮಂಜಿನಂಥ ಅಲೆ, ನಿಜ ಕತ್ತಿಯಲ್ಲಿ ಚಿತ್ರವಲ್ಲ. ಬೆನ್ನಿಗೆ ದಪ್ಪ, ಬಾಯಿಗೆ ತೆಳು ಜೇಡಿ ಮೆತ್ತಿ, ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಬೇಗ ತಣಿದು ಗಡಸಾಗುತ್ತದೆ. ಆ ಗಡಸು ಮತ್ತು ಮೆದುವಿನ ಗಡಿಯೇ ಹಾಮೊನ್. ಗಡಿಯ ಅಂಚು ಆದ್ದರಿಂದ ಮಸುಕಾಗಿರಬೇಕು. ಟೇಪನ್ನು ಮೈಗಂಟಿಸಿ ಹೊಡೆದರೆ ಗೆರೆ ಚೂಪಾಗಿ ನಿಲ್ಲುತ್ತದೆ. ಅಲೆಯ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ, ಕೆಳಗೆ ದಪ್ಪ ಟೇಪಿನ ಚೂರುಗಳನ್ನಿಟ್ಟು ಮೈಯಿಂದ 3 ಮಿ.ಮೀ. ಎತ್ತಿ, ಬೆಳ್ಳಿಯನ್ನು ದೂರದಿಂದ ತುಂತುರಾಗಿ ಬಿಡಬೇಕು. ಇದನ್ನು ಗ್ರಾಫೈಟ್‌ಗೆ ಮುಂಚೆಯೇ ಮಾಡಿಕೊಳ್ಳಿ. ಕೊನೆಗೆ ಲ್ಯಾಕರ್ ಹೊಡೆಯಬೇಡಿ. ದ್ರಾವಕ ತಾಕಿದ ಕೂಡಲೇ ಗ್ರಾಫೈಟ್ ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣವಿಲ್ಲದ ಮೇಣ ಸಾಕು, ಕೈಬೆರಳ ಗುರುತು ಬಿದ್ದರೆ ಮತ್ತೆ ತಿಕ್ಕಬಹುದು.

ಹಿಡಿ

ಈ ಕತ್ತಿಯನ್ನು ದೂರದಿಂದ ಗುರುತಿಸುವುದೇ ಬಿಳಿ ಹಿಡಿಯಿಂದ. ಸಾಮಾನ್ಯ ಕತಾನಾದ ಮೀನಿನ ಚರ್ಮವೂ ಹೆಣೆದ ರೇಷ್ಮೆ ಪಟ್ಟಿಯೂ ಇಲ್ಲಿಲ್ಲ. ದಂತದ ಮಾತೇ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ, ಮತ್ತು ಆನೆಯ ಮುಂದೆ ಒಂದು ಕತ್ತಿ ಏನೇನೂ ಅಲ್ಲ. ಬಿಳಿ ರೆಸಿನ್‌ನ ಇಡೀ ಹಿಡಿ ಸುಲಭ, ಆದರೆ ಬೆವರಿದ ಕೈಯಲ್ಲಿ ಜಾರುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ ಇದಕ್ಕೆ ಹೇಳಿ ಮಾಡಿಸಿದ್ದು. ಕೆನೆಬಿಳಿ ಬಣ್ಣ, ಒತ್ತಾದ ನುಣುಪು ಎಳೆ, ಉಳಿಗೆ ಚಕ್ಕೆ ಏಳದ ಗುಣ.

ತೊಂದರೆ ಎರಡು. ಹಸಿ ಮರವನ್ನು ಗಾಳಿಯಾಡದ ಕಡೆ ಇಟ್ಟರೆ ಬೂಷ್ಟು ಹತ್ತಿ ನೀಲಿ-ಬೂದು ಕಲೆ ಬೀಳುತ್ತದೆ, ಆ ಕಲೆ ಒಳಗಿನವರೆಗೆ ಇಳಿದಿರುವುದರಿಂದ ತೀಡಿದರೂ ಹೋಗದು. ಒಣಗಿದ್ದನ್ನೇ ಕೊಳ್ಳಬೇಕು. ಎರಡನೆಯದು, ಸಿಗುವುದು ಸಣ್ಣ ದುಂಡುತುಂಡುಗಳು, ನಡುವಿನ ತಿರುಳು ಉಳಿದರೆ ಒಂದಲ್ಲ ಒಂದು ದಿನ ಬಿರುಕು ಖಚಿತ. ಇಲ್ಲಿ ಕತ್ತಿಯ ರಚನೆಯೇ ಸಹಾಯಕ್ಕೆ ಬರುತ್ತದೆ. 300 ಮಿ.ಮೀ. ತುಂಡನ್ನು ತಿರುಳಿನ ಮೇಲೇ ಉದ್ದಕ್ಕೆ ಸೀಳಿದರೆ, ಬಾಲ ಕೂರಲು ಎರಡೂ ಹೋಳುಗಳಲ್ಲಿ ತೋಡುವ 4 ಮಿ.ಮೀ. ಗಾಡಿಯಲ್ಲಿ ಆ ತಿರುಳು ಹೊರಟುಹೋಗುತ್ತದೆ.

ಮುಗಿದ ಅಳತೆ: ಉದ್ದ 280, ತ್ಸುಬಾ ಬಳಿ 38×28 ಅಂಡಾಕಾರ, ನಡುವೆ 34×25. ಕೆತ್ತನೆ ಉಬ್ಬಿ ನಿಲ್ಲುವುದನ್ನು ಮೊದಲೇ ಕಳೆಯದೆ ಕೆಲಸ ಶುರು ಮಾಡಿದರೆ ಹಿಡಿ ಊದಿ ಒನಕೆ ಹಿಡಿದಂತಾಗುತ್ತದೆ. ಕೆತ್ತನೆಯ ಆಳ 1.5 ಮಿ.ಮೀ. ಸಾಕು. ತಗ್ಗುಗಳಿಗೆ ತೆಳುವಾದ ಕಂದು ಬಣ್ಣ ತುಂಬಿ ಉಬ್ಬುಗಳಿಂದ ಒರೆಸಿದರೆ ಹಳೆಯ ದಂತದ ನೆರಳು ಬರುತ್ತದೆ. ಮೇಲೆ ಬಿಳಿ ಅರಗಿನ ಪಾಲಿಶ್ ಎರಡು ತೆಳು ಕೈ. ಹೋಳುಗಳನ್ನು ಅಂಟಿಸಿದ ಮೇಲೂ ಅಲಗು ಬಿಚ್ಚುವಂತಿರಬೇಕು, ಹಿಡಿಯುವುದು 5 ಮಿ.ಮೀ. ಬಿದಿರಿನ ಮೆಕುಗಿ ಗೂಟಗಳು ಎರಡು. ಬಿದಿರಿನ ಹೊರಮೈ ಭಾಗವನ್ನೇ ಆರಿಸಿ, ಒಂದು ತುದಿ ಸ್ವಲ್ಪ ಸಣ್ಣಗೆ ಕೆತ್ತಿದರೆ ಬಡಿದಷ್ಟೂ ಬಿಗಿಯಾಗುತ್ತದೆ.

ಡ್ರ್ಯಾಗನ್ ತಲೆ

ಮೂಲ ಆಕೃತಿ ಎಣ್ಣೆ ಜೇಡಿಯಲ್ಲಿದೆ. ಕೆಲವು ಎಣ್ಣೆ ಜೇಡಿಗಳಲ್ಲಿ ಗಂಧಕವಿರುತ್ತದೆ, ಅದು ಪ್ಲಾಟಿನಂ ಸಿಲಿಕೋನ್ ಗಟ್ಟಿಯಾಗದಂತೆ ತಡೆದು ಅಂಟಂಟಾಗಿ ಉಳಿಸುತ್ತದೆ. ತವರ ಆಧಾರಿತ ಸಿಲಿಕೋನ್‌ಗೆ ಆ ಬಾಧೆ ಇಲ್ಲ, ನಮ್ಮ ಅಚ್ಚು ಅದರದ್ದೇ, ಎರಡು ಹೋಳು. ಬಾಯಿ ತೆರೆದ ತಲೆಯಾದ್ದರಿಂದ ಹೋಳಿನ ಗೆರೆ ಕೊಂಬಿನ ಹಿಂದಿನಿಂದ ದವಡೆಯ ಮೂಲೆಗೆ ಇಳಿಯುತ್ತದೆ, ಮೂಗಿನ ಮೇಲೆ ಹಾದರೆ ತೀಡಿದ ಗುರುತು ಕಾಣುತ್ತದೆ.

ಎರಕಕ್ಕೆ ಪಾಲಿಯುರಿಥೇನ್ ಅಂದುಕೊಂಡಿರುವವರು ಮಳೆಗಾಲ ನೋಡಿಕೊಳ್ಳಿ. ಅದು ಗಾಳಿಯ ತೇವದೊಂದಿಗೆ ಸೇರಿ ಅನಿಲ ಬಿಟ್ಟು ನೊರೆಗಟ್ಟುತ್ತದೆ. ತೇವದ ದಿನಗಳಿಗೆ ಎಪಾಕ್ಸಿ ಭದ್ರ. ಕೋರೆಹಲ್ಲು, ಕೊಂಬಿನ ತುದಿಗಳಲ್ಲಿ ಗುಳ್ಳೆ ಸಿಕ್ಕಿಕೊಳ್ಳುವುದನ್ನು ತಪ್ಪಿಸಲು ಅಚ್ಚಿಗೆ ಟಾಲ್ಕಂ ಪುಡಿ ಉದುರಿಸಿ ಕೊಡವಿ, ಮೊದಲ ಸ್ವಲ್ಪ ರೆಸಿನನ್ನು ಕುಂಚದಿಂದ ತುದಿಗಳಿಗೆ ತಳ್ಳಿ, ಉಳಿದದ್ದನ್ನು ಅಚ್ಚು ಓರೆಯಾಗಿಟ್ಟು ಹೊಯ್ಯಬೇಕು. ತಲೆ ಟೊಳ್ಳಾಗಿರಲಿ: ಹಿಡಿಯ ತುದಿಯಲ್ಲಿ ಕಳೆದ ಪ್ರತಿ 10 ಗ್ರಾಂಗೂ ತೂಕದ ಕೇಂದ್ರ ಅರ್ಧ ಸೆಂ.ಮೀ. ಮುಂದೆ ಹೋಗುತ್ತದೆ.

ಈ ಕತ್ತಿ ಕತ್ತಿಗೆ ತಾಗಿಸಲು ಅಲ್ಲ. ಚಿತ್ರದಲ್ಲಿ ಹಾರುವ ಕಿಡಿಗಳು ಉಕ್ಕಿನದ್ದಲ್ಲ, ಕತ್ತಿಗಳಿಗೆ ಕಾರಿನ ಬ್ಯಾಟರಿಯ ತಂತಿ ಜೋಡಿಸಿ ಬರಿಸಿದ್ದು. ತೀವ್ರ ಸಮೀಪದೃಷ್ಟಿಯ ಲ್ಯಾಂಬರ್ಟ್ ಕನ್ನಡಕವಿಲ್ಲದೆ ಆ ಕಾಳಗಗಳನ್ನು ಮಾಡಲು ಸಾಧ್ಯವಾದದ್ದು ಪ್ರತಿ ಹೆಜ್ಜೆಯನ್ನೂ ಅಭ್ಯಾಸ ಮಾಡಿದ್ದರಿಂದ. ಕತ್ತಿವರಸೆ ಕಲಿಸಿದವರು 1952ರ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಆಡಿದ್ದ ಬಾಬ್ ಆಂಡರ್ಸನ್. ನಮ್ಮ ಪ್ರತಿಕೃತಿ ನಿಲುವಿಗೆ, ಫೋಟೊಗೆ, ಒಬ್ಬರೇ ಮಾಡುವ ವರಸೆಗೆ ಮಾತ್ರ. ವಿಮಾನದಲ್ಲಿ ಒಯ್ಯುವವರು ಮರದ್ದೆಂದು ಕೈಚೀಲದಲ್ಲಿಡದೆ ಸಾಮಾನಿಗೇ ಹಾಕಿ.

ಮುಂದಿನ ಕೆಲಸ: ಹಿಡಿಯ ಎರಡನೇ ಹೋಳು, ತಲೆಯ ಎರಕ, ಆಮೇಲೆ ಕಪ್ಪು ಒರೆ. ಒರೆಯೊಳಗೆ ಅಲಗಿನ ಸುತ್ತ 1.5 ಮಿ.ಮೀ. ಬಿಡುವು ಇರಬೇಕು, ಬಿಗಿ ಹಿಡಿಯುವುದು ಅಲಗಿನ ಬುಡದ ಹಿತ್ತಾಳೆ ಪಟ್ಟಿಯಾದ ಹಬಾಕಿ ಒಂದೇ. ಮೈ ತಾಗಿದರೆ ನಾಲ್ಕು ಸಲ ಹಿರಿಯುವಷ್ಟರಲ್ಲಿ ಗ್ರಾಫೈಟ್ ಅಳಿಸಿಹೋಗುತ್ತದೆ.